ಮಳೆ ಒಂದು, ಪೆಟ್ಟು ಎರಡು

ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟದ ಪಂಪ್‌ಸೆಟ್‌ಗೆ ಒಂದು ಆಟೊ ಸ್ಟಾರ್ಟರ್ ಇದೆ. ಪಂಪ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಟಕ್ ಅಂತ ಸದ್ದಾಗಿ ಮೋಟ್ರು ತಾನಾಗೇ ಓಡುತ್ತದೆ. ರಾತ್ರಿ ಎದ್ದು ಹೋಗುವ ಕಾಟ ತಪ್ಪಲಿ ಅಂತ ಅಪ್ಪ ಹಾಕಿಸಿದ್ದು. ಊರಿಗೆ ಹೋದಾಗಲೆಲ್ಲ ಆ ಸದ್ದು ಕೇಳುತ್ತಿದ್ದೆ. ಆದರೂ ನನ್ನ ಕೆಲಸದ ಅತಿ ದೊಡ್ಡ ತಪ್ಪು ಆ ಡಬ್ಬಿಯನ್ನು ಮರೆತದ್ದರಿಂದಲೇ ಆಯಿತು.

ನಾನು ವಿದ್ಯುತ್ ಕಂಪನಿಗಳಿಗೆ ಸಿನಾರಿಯೊ ಪ್ಲ್ಯಾನಿಂಗ್ ಮಾಡಿಕೊಡುತ್ತೇನೆ. ಮುಂದಿನ ಐದು-ಹತ್ತು ವರ್ಷ ಹೇಗೆಲ್ಲ ಇರಬಹುದು ಅಂತ ಕೆಲವು ಕಥೆ ಕಟ್ಟುವುದು. ಒಂದೊಂದು ಕಥೆಯಲ್ಲೂ ಎಷ್ಟು ಕರೆಂಟ್ ಬೇಕು, ಎಲ್ಲಿಂದ ತರಬೇಕು, ಎಷ್ಟು ದುಡ್ಡು ಅಂತ ಲೆಕ್ಕ ಹಾಕುವುದು. ಭವಿಷ್ಯ ಹೇಳುವುದಲ್ಲ. ನೆಂಟರಿಗೆ ಇದನ್ನು ವಿವರಿಸುವುದು ಬಿಟ್ಟೇ ಬಿಟ್ಟಿದ್ದೇನೆ. ಸುಮ್ನೆ "ಕರೆಂಟ್ ಕೆಲಸ" ಅಂದುಬಿಡುತ್ತೇನೆ. ಆಮೇಲೆ ಅವರ ಮನೆ ಬಿಲ್ ಯಾಕೆ ಜಾಸ್ತಿ ಬಂತು ಅನ್ನುವುದಕ್ಕೂ ನಾನೇ ಉತ್ತರ ಕೊಡಬೇಕು.

ಎಲೆಕ್ಟ್ರಿಕಲ್ ಬಿಇ ಮುಗಿಸಿ ಮೊದಲು ಸೇರಿದ್ದು ಲೋಡ್ ಫೋರ್‌ಕಾಸ್ಟಿಂಗ್‌ಗೆ, ಅಂದರೆ ಕರೆಂಟಿನ ಬೇಡಿಕೆ ಅಂದಾಜು ಮಾಡುವ ವಿಭಾಗಕ್ಕೆ. ದಿನಕ್ಕೆ 15 ನಿಮಿಷದ 96 ಬ್ಲಾಕ್. ನಾಳೆ ಯಾವ ಬ್ಲಾಕ್‌ಗೆ ಎಷ್ಟು ಮೆಗಾವ್ಯಾಟ್ ಅಂತ ಇವತ್ತೇ ಹೇಳಬೇಕು. ಅಲ್ಲಿ ಒಂದೇ ಸಂಖ್ಯೆ, ಅದೇ ದೇವರು. ಆ ದೇವರ ಮೇಲಿನ ಭಕ್ತಿ ಕಡಿಮೆಯಾದದ್ದು 2020ರ ಏಪ್ರಿಲ್ 5ರ ರಾತ್ರಿ. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಅಂತ ಪ್ರಧಾನಿ ಕರೆ ಕೊಟ್ಟಿದ್ದರಲ್ಲ, ಆ ರಾತ್ರಿ. ದೇಶದ ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಅಂದಾಜಿತ್ತು. ಇಳಿದದ್ದು 31 ಸಾವಿರ! ಆದರೂ ಗ್ರಿಡ್, ಅಂದರೆ ದೇಶದ ವಿದ್ಯುತ್ ಜಾಲ, ಬೀಳಲಿಲ್ಲ. ಜಲವಿದ್ಯುತ್ ಘಟಕಗಳನ್ನು ಮೊದಲೇ ಏರಿಸಿಟ್ಟುಕೊಂಡಿದ್ದರು. ಬೇಡಿಕೆ ಕುಸಿದ ಹಾಗೆ ಸರಸರ ಇಳಿಸಿದರು. ಅಂದಾಜು ತಪ್ಪಿತ್ತು, ತಯಾರಿ ತಪ್ಪಿರಲಿಲ್ಲ. ನನಗೆ ಬೇಕಾದ ಕೆಲಸ ಈ ಎರಡನೆಯದು ಅನ್ನಿಸಿತು. ಆ ವರ್ಷವೇ ವಿಭಾಗ ಬದಲಿಸಿಕೊಂಡೆ.

ಈ ಸಿನಾರಿಯೊ ವಿದ್ಯೆಯನ್ನು ಇಂಧನ ಉದ್ಯಮಕ್ಕೆ ತಂದವರಲ್ಲಿ ದೊಡ್ಡ ಹೆಸರು ಶೆಲ್ ಕಂಪನಿಯಲ್ಲಿದ್ದ ಫ್ರಾನ್ಸಿನ ಪಿಯರ್ ವಾಕ್. 1973ರಲ್ಲಿ ತೈಲದ ಬೆಲೆ ಸಿಡಿಯುವ ಮೊದಲೇ ಅಂಥದ್ದೊಂದು ದಿನ ಬರಬಹುದು ಅಂತ ಮೇಲಿನವರನ್ನು ತಯಾರು ಮಾಡುತ್ತಿದ್ದರು. ಅವರು ಕೊಡುತ್ತಿದ್ದ ಉದಾಹರಣೆ ಗಂಗೆಯದು. ನದಿಯ ಮೇಲ್ಭಾಗದಲ್ಲಿ ಜೋರು ಮಳೆ ಬಿದ್ದಿದೆ ಅಂದರೆ ಕೆಲವು ದಿನಕ್ಕೆ ಕಾಶಿಯಲ್ಲಿ ನೀರು ಏರಲೇಬೇಕು. ಅದು ಊಹೆಯಲ್ಲ, ಆಗಲೇ ಆಗಿಹೋದ ಸಂಗತಿ. ಇದನ್ನು ನಾನು ಎಷ್ಟು ಟ್ರೇನಿಗಳಿಗೆ ಪಾಠ ಮಾಡಿದ್ದೇನೋ! ಎಡವಿದ್ದೂ ಮಳೆಯ ವಿಷಯದಲ್ಲೇ.

2022ರಲ್ಲಿ ಕರ್ನಾಟಕದ ಬಗ್ಗೆ ಒಂದು ವರದಿ ಮಾಡಿದೆವು. ಅಡ್ಡ ಗೆರೆ ಮಳೆಯದು, ಉದ್ದ ಗೆರೆ ಬೇಡಿಕೆಯದು, ನಾಲ್ಕು ಚೌಕ. ಮಳೆ ಕಡಿಮೆಯಾದರೆ ಲಿಂಗನಮಕ್ಕಿ ಅಣೆಕಟ್ಟು ತುಂಬಿ 1819 ಅಡಿ ಮುಟ್ಟುವುದಿಲ್ಲ, ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟನ್ನು ಬೇಕಾದಷ್ಟು ಹೊತ್ತು ಓಡಿಸಲು ಆಗುವುದಿಲ್ಲ. ಇಲ್ಲಿವರೆಗೆ ಸರಿ. ಐಪಿ ಸೆಟ್‌ಗಳದ್ದು, ಅಂದರೆ ರೈತರ ನೀರಾವರಿ ಪಂಪ್‌ಸೆಟ್‌ಗಳದ್ದು, ಬೇರೆ ಲೆಕ್ಕ ಇಟ್ಟೆವು. ಹೊಸ ಕನೆಕ್ಷನ್ ಎಷ್ಟು, ದಿನಕ್ಕೆ ಏಳು ಗಂಟೆ ಕರೆಂಟ್, ಗುಣಿಸು. ಹೆಚ್ಚಿನವಕ್ಕೆ ಮೀಟರೇ ಇಲ್ಲ, ಹಾಗಾಗಿ ಇನ್ನೇನು ಮಾಡೋದು ಅಂತ ನಮ್ಮ ಸಮಾಧಾನ.

2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಲಿಂಗನಮಕ್ಕಿ ತುಂಬಲಿಲ್ಲ. ಅಕ್ಟೋಬರ್‌ನಲ್ಲಿ ಗಾಳಿ ವಿದ್ಯುತ್ತೂ ಇಳಿಯುವ ಹೊತ್ತು. ಅದೇ ಹೊತ್ತಿಗೆ ಬೇಡಿಕೆ ಬೇಸಿಗೆಯ ಹಾಗೆ ಮೇಲೇರಿತು. ರೈತರ ಏಳು ಗಂಟೆ ಐದಕ್ಕಿಳಿದು ಊರೂರಲ್ಲಿ ಗಲಾಟೆ. ನಮ್ಮ ನಾಲ್ಕು ಚೌಕದಲ್ಲಿ "ಮಳೆ ಇಲ್ಲ, ಬೇಡಿಕೆ ಜಾಸ್ತಿ" ಅನ್ನುವ ಮೂಲೆಗೆ "ಸಾಧ್ಯತೆ ಕಡಿಮೆ" ಅಂತ ಬರೆದಿದ್ದೆವು. ಬರೆದದ್ದು ನಾನೇ.

ಅಪ್ಪನಿಗೆ ಫೋನ್ ಮಾಡಿ ಇದನ್ನು ಹೇಳಿಕೊಂಡೆ. "ಮಳೆ ಬಂದ್ರೆ ನಾನ್ಯಾಕಮ್ಮ ಮೋಟ್ರು ಹಾಕ್ಲಿ? ಸ್ಟಾರ್ಟರ್ ಆಫ್ ಮಾಡಿ ಮಲ್ಕೊಳ್ತೀನಿ. ಮಳೆ ಹೋದ್ರೆ ಹಗಲೂ ರಾತ್ರಿ ಆನ್ ಇರುತ್ತೆ. ಇದನ್ನ ಕಂಪ್ಯೂಟರ್ ಬೇರೆ ಹೇಳ್ಬೇಕಾ?" ಅಂದರು. ನಮ್ಮ ಎರಡು ಗೆರೆ ಎರಡಾಗಿರಲೇ ಇಲ್ಲ. ಅಣೆಕಟ್ಟು ಬರಿದು ಮಾಡುವ ಮಳೆಯ ಕೊರತೆಯೇ ಮೂವತ್ತು ಲಕ್ಷಕ್ಕೂ ಜಾಸ್ತಿ ಪಂಪ್‌ಸೆಟ್‌ಗಳನ್ನೂ ಆನ್ ಮಾಡಿಸುತ್ತದೆ.

ಆಮೇಲೆ ಕಡೂರು ಕಡೆಯ ಒಂದು ಸಬ್‌ಸ್ಟೇಷನ್‌ನಲ್ಲಿ ಒಂದು ರಾತ್ರಿ ಕೂತೆ. ಪಂಪ್‌ಸೆಟ್ ಫೀಡರ್‌ಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಹೋಗುವ ಲೈನಿಗೆ, ತ್ರೀ ಫೇಸ್ ಕೊಡುವ ಹೊತ್ತು. ಆಪರೇಟರ್ "ಮುಳ್ಳು ನೋಡ್ತಿರಿ ಮೇಡಂ" ಅಂದು ಬ್ರೇಕರ್ ಹಾಕಿದರು. ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ತೋರಿಸುವ ಆಂಪ್ ಮೀಟರಿನ ಮುಳ್ಳು ಒಂದೇ ಏಟಿಗೆ ಮೇಲೆ ಹಾರಿತು. ಕತ್ತಲಲ್ಲಿ ಎಷ್ಟು ತೋಟಗಳಲ್ಲಿ ಒಟ್ಟಿಗೆ ಟಕ್ ಅಂದಿರಬೇಕು! ಅವರ ಲಾಗ್‌ಬುಕ್ಕಿನಲ್ಲಿ ಮಳೆ ಬಿದ್ದ ರಾತ್ರಿಗಳು ಯಾವುವು ಅಂತ ಆಂಪ್ ನೋಡಿಯೇ ಹೇಳಬಹುದಿತ್ತು.

ಈಗ ಗೆರೆ ಎಳೆಯುವ ಮೊದಲು ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಅನ್ನುವುದಕ್ಕೇ ಎರಡು ವಾರ ಕೊಡುತ್ತೇನೆ. ಮೂರು ಕಥೆ ಕೊಡುವುದನ್ನೂ ಬಿಟ್ಟೆ. ಮೂರಿದ್ದರೆ ಎಲ್ಲರೂ ಮಧ್ಯದ್ದನ್ನು ಹಿಡಿದುಕೊಂಡು ಊಟಕ್ಕೆ ಏಳುತ್ತಾರೆ. ಎರಡೋ ನಾಲ್ಕೋ ಇರಲಿ. ಹೈ, ಲೋ ಅನ್ನುವ ಬದಲು ನೆನಪಿನಲ್ಲಿ ಉಳಿಯುವ ಹೆಸರಿಡುತ್ತೇನೆ.

ಆ 2023ರ ಕೊರತೆಗೆ ರಾಜ್ಯ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ತಂದಿತು, ಮುಂದಿನ ಮಳೆಗಾಲದಲ್ಲಿ ವಾಪಸ್ ಕೊಡುವ ಮಾತಿನ ಮೇಲೆ. ನಮ್ಮ ಭಾಷೆಯಲ್ಲಿ ಬ್ಯಾಂಕಿಂಗ್. ಅಮ್ಮನ ಭಾಷೆಯಲ್ಲಿ ಪಕ್ಕದ ಮನೆಯಿಂದ ಕಡ ತಂದ ಸಕ್ಕರೆ. ನಮಗೆ ಮಳೆಗಾಲದಲ್ಲಿ ಗಾಳಿ ಜೋರು, ಕರೆಂಟ್ ಮಿಗುತ್ತದೆ; ಅವರಿಗೆ ಆಗಲೇ ಭತ್ತದ ನಾಟಿ, ಕರೆಂಟ್ ಬೇಕು. ಒಳ್ಳೆ ಜೋಡಿ. ಆದರೆ ಕಡ ತೀರಿಸಬೇಕಾದ ವರ್ಷವೂ ಮಳೆ ಬಾರದೆ ನಮ್ಮ ಮೋಟ್ರುಗಳು ಓಡುತ್ತಲೇ ಇದ್ದರೆ? ಅದಕ್ಕೊಂದು ಕಥೆ ಕಟ್ಟಿ "ಕಡ ತೀರಿಸೋ ವರ್ಷ" ಅಂತ ಹೆಸರಿಟ್ಟೆವು. ಮೀಟಿಂಗ್‌ನಲ್ಲಿ ಆ ಸ್ಲೈಡ್ ಬಂದಾಗ, ಅಲ್ಲಿವರೆಗೂ ಮೊಬೈಲ್ ನೋಡುತ್ತಿದ್ದ ಹಣಕಾಸು ವಿಭಾಗದವರು ತಲೆ ಎತ್ತಿ, "ಒಂದ್ನಿಮಿಷ, ಹಿಂದಿನದಕ್ಕೆ ಹೋಗಿ" ಅಂದರು.