ಓದಿನ ಪಕ್ಕದಲ್ಲಿ ಅಂಗಡಿಯ ಲೆಕ್ಕ

ವಿಶ್ವಾಸ, ದಾನ, ದಿನನಿತ್ಯದ ಬದುಕು ಇವುಗಳ ಕುರಿತ ಕ್ರೈಸ್ತ ಪುಸ್ತಕಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಕಾರವಾರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮನೆಯ ಪ್ರಾರ್ಥನೆ ಕೊಂಕಣಿಯಲ್ಲಿ, ಓದು ಮಾತ್ರ ಕನ್ನಡದಲ್ಲಿ. ರಾತ್ರಿ ಊಟ ಮುಗಿದ ಮೇಲೆ ಓದುತ್ತಿರುವ ಪುಸ್ತಕ, ಬೈಬಲ್, ಅಂಗಡಿಯ ಲೆಕ್ಕದ ವಹಿ ಈ ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತೇನೆ. ದಾನದ ಬಗ್ಗೆ ಓದುವಾಗ ನಮ್ಮ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಕಣ್ಣೆದುರಿಗೇ ಇರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತೇನೆ. ಪುಸ್ತಕದಲ್ಲಿ ಯಾವುದಾದರೂ ವಚನ ಬಂದರೆ ಬೈಬಲ್ ತೆರೆದು ಅದರ ಹಿಂದುಮುಂದಿನ ಭಾಗವನ್ನು ಓದಿದ ಮೇಲೆಯೇ ಪುಟ ತಿರುಗಿಸುತ್ತೇನೆ. ದಾನದ ಪುಸ್ತಕಗಳಲ್ಲಿ ಮಲಾಕಿಯ ಗ್ರಂಥದ ಮೂರನೆಯ ಅಧ್ಯಾಯದ ಹತ್ತನೆಯ ವಚನ ಮತ್ತೆ ಮತ್ತೆ ಬರುತ್ತದೆ. ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು, ಪೂರ್ತಿಯಾಗಿ ತಂದರೆ ದೇವರು ಆಶೀರ್ವಾದ ಸುರಿಸುತ್ತಾನೆ ಎಂಬ ಮಾತು ಅದು. ಅದೇ ಅಧ್ಯಾಯದ ಐದನೆಯ ವಚನವನ್ನು ಉಲ್ಲೇಖಿಸುವ ಲೇಖಕರು ಕಡಿಮೆ. ಕೂಲಿಯವರ ಸಂಬಳದಲ್ಲಿ ಮೋಸ ಮಾಡುವವರು, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರು, ಪರದೇಶಿಗಳಿಗೆ ನ್ಯಾಯ ತಪ್ಪಿಸುವವರು, ಇವರೆಲ್ಲರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುತ್ತಾನೆ ಎಂದು ಅಲ್ಲಿದೆ. ಕಾಣಿಕೆಯ ಮಾತು ಬರುವುದಕ್ಕೆ ಮೊದಲೇ ಕೂಲಿಯ ಮಾತು ಬಂದಿದೆ. ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಪುಟ್ಟ ನಾಣ್ಯಗಳನ್ನು ಹಾಕಿದ ಪ್ರಸಂಗವೂ ಹಾಗೆಯೇ. ಮಾರ್ಕನ ಶುಭಸಂದೇಶದಲ್ಲಿ ಅದಕ್ಕೆ ತುಸು ಮೊದಲು, ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸುಸ್ವಾಮಿ ಖಂಡಿಸುತ್ತಾರೆ. ಆ ಮಾತನ್ನು ಬಿಟ್ಟು ನಾಣ್ಯಗಳ ಕಥೆಯನ್ನಷ್ಟೇ ಹೇಳಿದರೆ ಬಡವರ ಮೇಲೆಯೇ ಭಾರ ಹೊರಿಸಿದಂತಾಗುತ್ತದೆ.

ಈ ಓದು ನನ್ನ ಅಂಗಡಿಯಲ್ಲಿ ಮೊದಲು ಬದಲಾಯಿಸಿದ್ದು ಕೂಲಿ ಕೊಡುವ ಕ್ರಮವನ್ನು. ಸೀರೆಗೆ ಫಾಲ್ ಹೊಲಿಯುವ ಕೆಲಸವನ್ನು ಮನೆಗೆ ಒಯ್ದು ಮಾಡಿಕೊಡುವ ಹೆಂಗಸರಿದ್ದಾರೆ. ಗಿರಾಕಿ ಬಂದು ಸೀರೆ ಒಯ್ದ ಮೇಲೆ ಅವರಿಗೆ ಹಣ ಕೊಡುವುದು ಈ ಕಸುಬಿನ ರೂಢಿ. ಗಿರಾಕಿ ತಿಂಗಳುಗಟ್ಟಲೆ ಬರದಿರುವುದೂ ಉಂಟು. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವಾದರೋ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಕೊಡಬೇಕೆನ್ನುತ್ತದೆ. ಅವನು ಬಡವ, ಆ ಹಣದ ಮೇಲೆಯೇ ಜೀವ ಇಟ್ಟುಕೊಂಡಿರುತ್ತಾನೆ ಎಂದು ಕಾರಣವನ್ನೂ ಹೇಳುತ್ತದೆ. ಈಗ ಸೀರೆ ನನ್ನ ಕೈ ಸೇರಿದಾಗಲೇ ಹಣ ಅವರ ಕೈ ಸೇರುತ್ತದೆ. “ಅಕ್ಕಾ, ಗಿರಾಕಿ ಇನ್ನೂ ಬಂದಿಲ್ಲವಲ್ಲ” ಎಂದು ಒಬ್ಬಾಕೆ ಹಿಂಜರಿದಾಗ, “ನೀನು ಹೊಲಿದದ್ದು ನನಗೆ, ಗಿರಾಕಿಯ ಚಿಂತೆ ನನಗಿರಲಿ” ಎಂದೆ. ಅಂಗಡಿಯಲ್ಲೇ ಕೂತು ಹೊಲಿಯುವವರಿಗೆ ಶನಿವಾರ ಸಂಜೆ ಬಟವಾಡೆ. ಇಲ್ಲಿಯ ಸಂತೆ ಭಾನುವಾರ. ಸಂತೆಗೆ ಹೋಗುವಾಗ ಅವರ ಕೈಯಲ್ಲಿ ದುಡ್ಡಿರಬೇಕು. ಇದನ್ನು ನಾನು ದಾನದ ಲೆಕ್ಕದಲ್ಲಿ ಬರೆಯುವುದಿಲ್ಲ. ಬಾಕಿ ತೀರಿಸಿದ ಮೇಲೆ ಉಳಿದದ್ದರಲ್ಲಿ ತೆಗೆದಿಟ್ಟದ್ದಷ್ಟೇ ದಾನ.

ತೆಗೆದಿಡುವುದಕ್ಕೆ ಸಂತ ಪೌಲರು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಪತ್ರದಲ್ಲಿ ಹೇಳಿಕೊಟ್ಟ ಕ್ರಮವೇ ನನಗೆ ಒಗ್ಗಿದೆ: ವಾರದ ಮೊದಲನೆಯ ದಿನ, ಅವರವರ ಆದಾಯಕ್ಕೆ ತಕ್ಕಂತೆ. ತಮ್ಮಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇಲ್ಲದ್ದನ್ನು ಕೊಡಬೇಕಾಗಿಲ್ಲ ಎಂದೂ ಅವರೇ ಬರೆದಿದ್ದಾರೆ. ಸಾಲ ಮಾಡಿಯಾದರೂ ಕೊಡಿ, ನೂರ್ಮಡಿ ಹಿಂದಿರುಗುತ್ತದೆ ಎನ್ನುವ ಪುಸ್ತಕಗಳನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಕಷ್ಟದಲ್ಲಿರುವವರು ಅಂಥ ಮಾತನ್ನು ನಂಬಿ ಇದ್ದದ್ದನ್ನೂ ಕಳೆದುಕೊಂಡರೆ ನೋಡುವುದು ಹೇಗೆ?

ನನಗೆ ಅತ್ಯಂತ ಪ್ರಿಯವಾದದ್ದು ಲೇವಿಯರ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಸುಗ್ಗಿಯ ಕಟ್ಟಳೆ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಿಡಬೇಕು, ಉದುರಿದ ತೆನೆಯನ್ನು ಆರಿಸಿಕೊಳ್ಳಬಾರದು. ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಇದರಲ್ಲಿ ಒಡೆಯ ಯಾರನ್ನೂ ಸಾಲಾಗಿ ನಿಲ್ಲಿಸಿ ಹಂಚುವುದಿಲ್ಲ. ಬಂದವರು ತಾವೇ ಆಯ್ದುಕೊಂಡು ತಲೆ ಎತ್ತಿ ಮನೆಗೆ ಹೋಗುತ್ತಾರೆ. ಬೈಬಲಿನಲ್ಲಿ ಬರುವ ರೂತಳೆಂಬ ವಿಧವೆ ಹಾಗೆಯೇ ತೆನೆ ಆಯ್ದು ಅತ್ತೆಯನ್ನು ಸಾಕಿದಳು.

ಹೊಲವಿಲ್ಲದ ನನಗೆ ಸುಗ್ಗಿಯೆಂದರೆ ಸಮವಸ್ತ್ರದ ಕಾಲ. ಶಾಲೆ ತೆರೆಯುವ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮಕ್ಕಳಿಗೆ ಅಂಗಿ, ಚೀಲ, ಛತ್ರಿ ಎಲ್ಲ ಬೇಕಾಗುವ ತಿಂಗಳಲ್ಲೇ ದೋಣಿಯಲ್ಲಿ ದುಡಿಯುವವರ ಕೈ ಬರಿದಾಗಿರುತ್ತದೆ. ಆ ಮನೆಗಳ ಸಮವಸ್ತ್ರದ ಹೊಲಿಗೆಯೇ ನನ್ನ ಹೊಲದ ಅಂಚು. ವಹಿಯಲ್ಲಿ ಆ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಆಗಸ್ಟ್ ಕಳೆದ ಮೇಲೆ ತಾವಾಗಿ ತಂದುಕೊಟ್ಟವರದ್ದನ್ನು ಪಡೆದು ಶಾಯಿಯಲ್ಲಿ ತಿದ್ದುತ್ತೇನೆ, ಉಳಿದದ್ದನ್ನು ರಬ್ಬರಿನಿಂದ ಅಳಿಸುತ್ತೇನೆ. ಯಾರನ್ನೂ ಕೇಳುವುದಿಲ್ಲ, ಬೇರೆಯವರ ಮುಂದೆ ಹೆಸರು ಹೇಳುವುದಿಲ್ಲ. ಹೊಲಿಯುವವರ ಕೂಲಿ ಮಾತ್ರ ಆ ಬಟ್ಟೆಗಳಿಗೂ ಅಷ್ಟೇ. ನನ್ನ ದಾನಕ್ಕೆ ಅವರು ತೆರಬೇಕಾಗಿಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಬಲಿಪೂಜೆಯಲ್ಲಿ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ವಾಚನ ಬರುತ್ತದೆ. ಹಾಗಾದರೆ ಲೆಕ್ಕವೇಕೆ ಎಂದು ನನ್ನವರು ಕೇಳುತ್ತಾರೆ. ಜೆರುಸಲೇಮಿನ ಬಡವರಿಗೆಂದು ಸಂಗ್ರಹವಾದ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ಪೌಲರು ಎಚ್ಚರ ವಹಿಸಿ, ಜೊತೆಗೆ ಸಹೋದರರನ್ನು ಕಳುಹಿಸಿದ್ದನ್ನು ನಾನು ತೋರಿಸಿದೆ. ಸ್ವಂತದ್ದನ್ನು ಕೊಡುವಾಗ ಗುಟ್ಟು, ಹತ್ತು ಜನರದ್ದನ್ನು ನಿರ್ವಹಿಸುವಾಗ ಬಿಚ್ಚಿಟ್ಟ ಲೆಕ್ಕ ಎಂಬಲ್ಲಿಗೆ ನಾವಿಬ್ಬರೂ ಒಪ್ಪಿದ್ದೇವೆ.

ಈ ಮಳೆಗಾಲದ ಓದಿಗೆ ಯಕೋಬನ ಪತ್ರವನ್ನು ತೆಗೆದುಕೊಂಡಿದ್ದೇನೆ. ಐದೇ ಅಧ್ಯಾಯ, ಆದರೆ ನಿಧಾನವಾಗಿ ಓದಬೇಕಾದದ್ದು. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಕೊಳೆ ಬಟ್ಟೆಯವನಿಗೆ ಕಾಲ ಬಳಿ ಜಾಗ ಎಂಬ ಭೇದವನ್ನು ಎರಡನೆಯ ಅಧ್ಯಾಯ ನೇರವಾಗಿ ಪ್ರಶ್ನಿಸುತ್ತದೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಮದುವೆಯ ರವಿಕೆ ಹೊಲಿಸುವವರು ಬಂದರೆ ಉಳಿದವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಗೋಡೆಯ ಉದ್ದಕ್ಕೂ ಬೆಂಚು ಹಾಕಿಸಿದ್ದೇನೆ. ಹಳೆಯ ಚೀಲಕ್ಕೆ ಜಿಪ್ ಹಾಕಿಸಲು ಬಂದವರೂ ಅದರಲ್ಲೇ ಕೂರುತ್ತಾರೆ, ಬಂದ ಸರದಿಯಲ್ಲೇ ಕೆಲಸ ತೆಗೆದುಕೊಳ್ಳುತ್ತೇನೆ.