ದಮ್ಮು ಕಟ್ಟುವ ಭಯಕ್ಕೆ 15 ನಿಮಿಷದ ಹಿಪ್ನಾಸಿಸ್

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳ ಬಾಗಿಲು ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ. ಒಳಗೆ ಬಚ್ಚಲೊಲೆಯ ಹೊಗೆ, ಗೋಡೆಯ ಬೂಷ್ಟು. ಸಿಒಪಿಡಿ, ಅಂದರೆ ಶ್ವಾಸನಳಿಕೆಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇದ್ದವರಿಗೆ ದಮ್ಮು ಏರಲು ಅಷ್ಟು ಸಾಕು. ದಮ್ಮು ಬಂತೆಂದು ಹೆದರಿಕೆ, ಹೆದರಿದಷ್ಟೂ ಉಸಿರು ಚುರುಕು. ಈ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಕಿರಿದಾದ ನಳಿಕೆಗಳಿಂದ ಗಾಳಿ ಖಾಲಿಯಾಗುವ ಮುಂಚೆಯೇ ಮತ್ತೆ ಎಳೆದುಕೊಂಡರೆ ಹಳೆಯದು ಒಳಗೇ ಉಳಿದು ಎದೆ ಉಬ್ಬುತ್ತದೆ, ಹೊಸದಕ್ಕೆ ಜಾಗ ಇರುವುದಿಲ್ಲ. ಹಿಪ್ನಾಸಿಸ್, ಅಂದರೆ ಮಾತಿನಿಂದ ಗಮನವನ್ನು ಒಂದೆಡೆ ನಿಲ್ಲಿಸಿ ಮೈಮನಸ್ಸು ಸಡಿಲಿಸುವ ವಿಧಾನ, ಶ್ವಾಸಕೋಶವನ್ನು ರಿಪೇರಿ ಮಾಡುವುದಿಲ್ಲ, ಹೆದರಿಕೆಯ ಹಿಡಿತ ಸಡಿಲಿಸುತ್ತದೆ. ಫ್ರಾನ್ಸ್‌ನ ಒಂದು ಸಣ್ಣ ಅಧ್ಯಯನದಲ್ಲಿ 15 ನಿಮಿಷದ ಒಂದೇ ಸಲದ ಹಿಪ್ನಾಸಿಸ್‌ನಿಂದ ಇಂಥ ರೋಗಿಗಳ ಆತಂಕ ತಗ್ಗಿತ್ತು. ಇದು ವಶೀಕರಣವಲ್ಲ, ಎಚ್ಚರವಿರುತ್ತದೆ, ಬೇಡವೆನಿಸಿದರೆ ಎದ್ದು ಹೋಗಬಹುದು.

ಮೊದಲ ಒಂದೆರಡು ಸಲ ತರಬೇತಾದ ವೈದ್ಯರು ಅಥವಾ ಮನಃಶಾಸ್ತ್ರಜ್ಞರ ಹತ್ತಿರ ಕಲಿಯಿರಿ. ಮನಸ್ಸಿನ ಗಂಭೀರ ಕಾಯಿಲೆ ಇದ್ದವರು ಅವರನ್ನು ಕೇಳದೆ ಶುರು ಮಾಡಬಾರದು. ಆಮೇಲೆ ಮನೆಯವರು ಕೆಳಗಿನ ಕ್ರಮವನ್ನು ಓದಿ ಹೇಳಬಹುದು.

ದಮ್ಮು ಇಲ್ಲದ ಹೊತ್ತು ಆರಿಸಿ. ಮಲಗಿಸಬೇಡಿ, ಕುರ್ಚಿಯಲ್ಲಿ ತುಸು ಮುಂದೆ ಬಾಗಿ, ಮೊಣಕೈ ಮೇಜಿನ ಮೇಲಿನ ದಿಂಬಿಗೆ ಊರಿ ಕೂರಲಿ. ಇನ್ಹೇಲರ್ ಕೈಗೆಟಕುವಂತಿರಲಿ. ಆಕ್ಸಿಜನ್ ಹಾಕಿಕೊಂಡಿದ್ದರೆ ಹಾಗೇ ಇರಲಿ, ಅದರ ಪ್ರಮಾಣ ಮುಟ್ಟಬೇಡಿ. ಮನಸ್ಸಿಗೆ ಹಿತವೆಂದು ಊದುಬತ್ತಿ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಅದರ ಹೊಗೆಯೇ ದಮ್ಮು ತರುತ್ತದೆ, ಆಕ್ಸಿಜನ್ ಇದ್ದಲ್ಲಿ ಬೆಂಕಿಯ ಅಪಾಯವೂ ಇದೆ.

ದಮ್ಮು ಎಷ್ಟಿದೆ ಎಂದು 0ರಿಂದ 10ರೊಳಗೆ ಒಂದು ಅಂಕಿ ಕೇಳಿ ಬರೆದಿಡಿ. ನಂತರ ಕಣ್ಣು ಒಂದೇ ಕಡೆ ನೆಡಲಿ: ಜಂತಿ, ಕಿಟಕಿಯ ಸರಳು, ಏನಾದರೂ ಸರಿ. ರೆಪ್ಪೆ ತಾನಾಗಿ ಭಾರವಾದರೆ ಮುಚ್ಚಲಿ. ಕಣ್ಣು ಮುಚ್ಚಿದರೆ ಗಾಬರಿಯಾಗುವವರು ತೆರೆದೇ ಇರಲಿ, ಫಲ ಕಡಿಮೆಯಾಗುವುದಿಲ್ಲ.

ಈಗ ಉಸಿರು. ಮೂಗಿನಿಂದ 2 ಎಣಿಕೆ ಒಳಗೆ. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ 4 ಎಣಿಕೆ ಹೊರಗೆ. ಎಣಿಕೆ ಅವರ ವೇಗಕ್ಕೇ ಇರಲಿ. ಎಲ್ಲರೂ ಮಾಡುವ ತಪ್ಪು, “ದೀರ್ಘವಾಗಿ ಉಸಿರು ಎಳೆದುಕೊಳ್ಳಿ” ಎನ್ನುವುದು. ತುಂಬಿದ ಎದೆಗೆ ಇನ್ನಷ್ಟು ತುಂಬಿದಂತಾಗುತ್ತದೆ. ಹೊರಬಿಡುವುದರ ಬಗ್ಗೆಯೇ ಮಾತಾಡಿ.

ಸುಮಾರು 3 ನಿಮಿಷವಾದ ಮೇಲೆ ಭುಜ, ದವಡೆ, ಅಂಗೈ ಒಂದೊಂದಾಗಿ ಸಡಿಲಿಸುತ್ತಾ ಬನ್ನಿ. ಕೈ ಭಾರವಾಯಿತು ಎನ್ನಬಹುದು, ಎದೆ ಭಾರ ಎಂದು ಮಾತ್ರ ಹೇಳಬಾರದು. ಬಳಿಕ ಅವರಿಗೆ ಇಷ್ಟದ ಜಾಗದ ಚಿತ್ರ. ಕೊಡಚಾದ್ರಿ ಹತ್ತುವುದು, ತುಂಗೆಯಲ್ಲಿ ಮುಳುಗುವುದು, ದಟ್ಟ ಮಂಜು ಬೇಡ. ಮೂರೂ ಉಸಿರು ಕಟ್ಟಿಸುವ ಚಿತ್ರಗಳೇ. ಜಗಲಿ ಒಳ್ಳೆಯದು: “ಅಪ್ಪಯ್ಯ, ಜಗಲಿ ಮೇಲೆ ಕೂತಾಗಿದೆ. ಮಳೆ ಹೊಳವಾಗಿದೆ. ಗದ್ದೆ ಬಯಲಿಂದ ತಣ್ಣನೆ ಗಾಳಿ ಮುಖಕ್ಕೆ ತಾಗ್ತಿದೆ. ಉಸಿರು ಬಿಟ್ಟಷ್ಟೂ ಎದೆ ಹಗುರ.” “ದಮ್ಮು ಬರಲ್ಲ” ಅನ್ನಬೇಡಿ, ಕೇಳಿದವರ ಮನಸ್ಸು “ದಮ್ಮು” ಎಂಬ ಮಾತಿನಲ್ಲೇ ನಿಲ್ಲುತ್ತದೆ.

ಆ ಹಗುರ ಸಿಕ್ಕ ಗಳಿಗೆಯಲ್ಲಿ ಹೆಬ್ಬೆರಳು, ತೋರುಬೆರಳು ಒತ್ತಿ ಹಿಡಿಯಲಿ. ದಿನಾ ಹೀಗೆ ಮಾಡಿದರೆ ಬೆರಳು ಒತ್ತಿದಾಗ ಆ ನೆಮ್ಮದಿ ನೆನಪಾಗುವ ಅಭ್ಯಾಸ ಕೂರುತ್ತದೆ. ಮುಗಿಸುವಾಗ 5ರಿಂದ 1ಕ್ಕೆ ಎಣಿಸಿ, ಕೈಕಾಲು ಆಡಿಸಿ, ಮತ್ತೆ ಅಂಕಿ ಕೇಳಿ. ಎರಡು ಮೂರು ವಾರ ಅಭ್ಯಾಸವಾಗದೆ ದಮ್ಮು ಏರಿದಾಗ ಪ್ರಯತ್ನಿಸಿ ಕೈಬಿಡುವವರೇ ಹೆಚ್ಚು.

ನಿಜವಾದ ದಮ್ಮು ಬಂದಾಗ ವೈದ್ಯರು ಹೇಳಿದ ಇನ್ಹೇಲರ್ ಮೊದಲು, ಬೆರಳು ಆಮೇಲೆ. ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಕಫದ ಬಣ್ಣ ಬದಲಾಗಿ ಜ್ವರ ಬಂದರೆ, ಇದನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ. ತೂಕಡಿಕೆಯ ಜೊತೆ ತಲೆನೋವು, ಗೊಂದಲ ಕಂಡರೆ ಹಿಪ್ನಾಸಿಸ್ ಚೆನ್ನಾಗಿ ಹಿಡಿಯಿತೆಂದು ಸುಮ್ಮನಿರಬೇಡಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರಬಹುದು, ಕೂಡಲೇ 108ಕ್ಕೆ ಫೋನ್ ಮಾಡಿ.