ಹಳೆಯ ಸೊಂಟನೋವಿಗೆ ಯೋಗ: ಬಗ್ಗುವ ಆಸನಗಳಿಂದ ಶುರು ಮಾಡಬೇಡಿ

ಮೂರು ತಿಂಗಳು ದಾಟಿದ ಸೊಂಟನೋವಿಗೆ ಯೋಗ ಒಳ್ಳೆಯದು ಅನ್ನುವುದು ಬರೀ ನಂಬಿಕೆಯಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮಾತ್ರೆಗೆ ಮೊದಲು ಮಾಡಿನೋಡಬೇಕಾದ ಉಪಾಯಗಳ ಸಾಲಿನಲ್ಲಿ ಯೋಗವೂ ಇದೆ. ಆದರೆ ಪವಾಡ ನಿರೀಕ್ಷಿಸಬೇಡಿ. ಲಾಭ ಸಾಧಾರಣದ್ದು, ಅದೂ ವಾರಗಟ್ಟಲೆ ಮಾಡಿದ ಮೇಲೆ.

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟು ಇದ್ದರೂ ಮೊದಲು ವೈದ್ಯರು, ಆಮೇಲೆ ಯೋಗ.

ಸೊಂಟ ಹಿಡಿದಿದೆ ಎಂದು ಹೆಚ್ಚಿನವರು ಮೊದಲು ಕೈಹಾಕುವುದೇ ಪಶ್ಚಿಮೋತ್ತಾನಾಸನಕ್ಕೆ, ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಆಸನಕ್ಕೆ. ಎಡವುವುದೂ ಅಲ್ಲೇ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೆ ಅದು ಕೂರುವ ಮೂಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೊಂಟದ ಕೀಲು ಮಡಚುವುದಿಲ್ಲ. ಬಗ್ಗುವುದೆಲ್ಲ ಬೆನ್ನಿನ ಕೆಳಭಾಗವೇ. ಹಾಗಾಗಿ ಬಗ್ಗುವ ಬದಲು ಆ ಸ್ನಾಯುವನ್ನು ಮಲಗಿಯೇ ಸಡಿಲಿಸಿ. ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ ಪಾದ ನೆಲಕ್ಕಿಡಿ. ಇನ್ನೊಂದು ಪಾದಕ್ಕೆ ಟವೆಲ್ ಸಿಕ್ಕಿಸಿ ಕಾಲನ್ನು ಮೇಲೆತ್ತಿ. ಮೊಣಕಾಲು ಕೊಂಚ ಬಾಗಿದ್ದರೂ ಸರಿ, ಸೊಂಟದ ಹಿಂಭಾಗ ನೆಲ ಬಿಟ್ಟು ಏಳಬಾರದು. ಎಂಟು ಉಸಿರು, ಎರಡು ಸಲ. ಆಮೇಲೆ ಕಾಲು ಬದಲಿಸಿ.

ಅಭ್ಯಾಸ ಶುರುವಾಗಬೇಕಾದದ್ದು ಮಾರ್ಜಾಲಾಸನದಿಂದ. ಬೆಕ್ಕಿನಂತೆ ಅಂಗೈ, ಮೊಣಕಾಲುಗಳನ್ನು ನೆಲಕ್ಕೂರಿ: ಅಂಗೈ ಭುಜದ ಕೆಳಗೆ, ಮೊಣಕಾಲು ಸೊಂಟದ ಕೆಳಗೆ. ಉಸಿರು ಬಿಡುತ್ತ ಬೆನ್ನು ಮೇಲಕ್ಕೆ, ತೆಗೆದುಕೊಳ್ಳುತ್ತ ಕೆಳಕ್ಕೆ. ಹತ್ತು ಸುತ್ತು, ನೋವಿಲ್ಲದಷ್ಟೇ ದೂರ. ಟವೆಲ್ ಅಭ್ಯಾಸ ಇದರ ನಂತರ.

ಮುಂದೆ ಸೇತುಬಂಧಾಸನ. ಅಂಗಾತ ಮಲಗಿ ಎರಡೂ ಮೊಣಕಾಲು ಮಡಚಿ. ಪಾದ ಪೃಷ್ಠದಿಂದ ಒಂದು ಗೇಣು ದೂರ ಇರಲಿ. ಅದಕ್ಕಿಂತ ದೂರ ಹೋದರೆ ತೊಡೆಯ ಹಿಂಭಾಗ ಸೆಳೆತ ಹಿಡಿಯುತ್ತದೆ. ಮೊದಲು ಪೃಷ್ಠ ಬಿಗಿಹಿಡಿದು, ನಂತರವೇ ಅದನ್ನು ನೆಲದಿಂದ ಎತ್ತಿ. ಎದೆಯಿಂದ ಮೊಣಕಾಲಿನವರೆಗೆ ನೇರ ಗೆರೆ ಸಾಕು. ಐದು ಉಸಿರು, ಮೂರು ಸಲ. ಇನ್ನೂ ಎತ್ತರಕ್ಕೆ ಹೋಗುವ ಆಸೆ ಬಂದರೆ ತಡೆದುಕೊಳ್ಳಿ, ಆ ಎತ್ತರ ಬರುವುದು ಸೊಂಟ ಹಿಂಡಿದಾಗ ಮಾತ್ರ.

ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನದಲ್ಲಿ ಮೊಣಕೈ ನೆಲದಲ್ಲೇ ಇರಲಿ, ಕೈ ಒತ್ತಿ ಮೇಲೇಳಬೇಡಿ. ಕೊನೆಗೆ ಮೊಣಕಾಲಿನ ಕೆಳಗೆ ದಿಂಬಿಟ್ಟು ಐದು ನಿಮಿಷ ಶವಾಸನ. ಒಟ್ಟು ಇಪ್ಪತ್ತೈದು ನಿಮಿಷ, ವಾರಕ್ಕೆ ನಾಲ್ಕೈದು ದಿನ, ಹನ್ನೆರಡು ವಾರ. ಎದ್ದ ಕೂಡಲೇ ಬೇಡ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳು ರಾತ್ರಿ ನೀರು ಹೀರಿಕೊಂಡು ಬೆಳಿಗ್ಗೆ ಉಬ್ಬಿರುತ್ತವೆ, ಒಂದು ಗಂಟೆ ಓಡಾಡಿ.

ಮಾಡುವಾಗ ಹಿಡಿದಂತಾಗುವುದು, ಸಂಜೆಗೆ ತುಸು ನೋಯುವುದು ಸಹಜ. ಮರುದಿನ ಬೆಳಿಗ್ಗೆಗೂ ನೋವು ಹೆಚ್ಚಿದ್ದರೆ ಅವಧಿಯನ್ನು ಅರ್ಧಕ್ಕಿಳಿಸಿ. ನೋವು ಕಾಲಿನ ಕೆಳಕ್ಕೆ ಇಳಿಯುತ್ತ ಹೋದರೆ ಆ ಆಸನ ನಿಲ್ಲಿಸಿ. ಕಾಲಿನಿಂದ ಸೊಂಟಕ್ಕೆ ಹಿಂದೆ ಸರಿದರೆ ದಾರಿ ಸರಿಯಿದೆ. ಬೆನ್ನುಹುರಿಯ ನಾಳ ಕಿರಿದಾದವರಿಗೆ, ಬೆನ್ನುಮೂಳೆಯ ಮಣಿ (ಕಶೇರು) ಮುಂದಕ್ಕೆ ಜಾರಿದವರಿಗೆ ಸಾಮಾನ್ಯವಾಗಿ ಹಿಂದಕ್ಕೆ ಬಾಗಿದರೆ ನೋವು ಕೆರಳುತ್ತದೆ. ಅಂಥವರು ಭುಜಂಗಾಸನ ಬಿಟ್ಟು, ಅದರ ಬದಲು ಎರಡೂ ಮೊಣಕಾಲುಗಳನ್ನು ಎದೆಗೆ ತಂದು ಹತ್ತು ಉಸಿರು ಮಲಗಿರಲಿ.